ಪರರಂಗಯಾತ್ರೆ: ಬೆಳಗಾವಿ–ಗೋವೆಯ ದಾರಿಯ ಪ್ರೇಕ್ಷಕರನ್ನು ಕುರಿತು

ನಮ್ಮ ನಾಡಿನ ಹಳೆಯ ಹಾದಿಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಆ ಹಾದಿಗಳಲ್ಲಿ ನಡೆದ ಸೈನ್ಯಗಳನ್ನೂ, ಎತ್ತಿನ ಹೇರುಗಳ ವರ್ತಕರನ್ನೂ, ತೀರ್ಥಯಾತ್ರಿಕರನ್ನೂ, ದಾನವನ್ನರಸಿ ಹೊರಟ ಶ್ರೋತ್ರಿಯರನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಇನ್ನೊಂದು ತೆರನಾದ ದಾರಿಗನನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ಇವನು ಕಾದುವುದಕ್ಕೆ ಹೋಗುವವನಲ್ಲ, ಮಾರುವುದಕ್ಕೆ ಹೋಗುವವನಲ್ಲ, ಪುಣ್ಯಕ್ಕಾಗಿಯೂ ಹೋಗುವವನಲ್ಲ. ತನ್ನ ಕಡೆಯವರು ಪರರ ಊರಿನ ರಂಗದಲ್ಲಿ ಪಂದ್ಯಕ್ಕೆ ನಿಲ್ಲುವಾಗ ಕಣ್ಣಿಂದ ನೋಡಿ ಬಾಯಿಂದ ಕೂಗುವುದಕ್ಕಾಗಿ ಮಾತ್ರವೇ ತನ್ನ ಹಣವನ್ನು ವೆಚ್ಚಮಾಡಿ ಹೋಗುವವನು. ಇಂಥವನ ಪ್ರಯಾಣಕ್ಕೆ ಈ ಲೇಖನದಲ್ಲಿ ಪರರಂಗಯಾತ್ರೆಯೆಂದು ಹೆಸರಿಟ್ಟುಕೊಳ್ಳುತ್ತೇನೆ.

ಈ ವಿಷಯವು ನನ್ನ ಮನಸ್ಸಿಗೆ ಬಂದದ್ದು ಗ್ರಂಥಗಳ ನಡುವೆಯಲ್ಲ. 2023ನೆಯ ಇಸವಿ ಮಾರ್ಚ್ 18ರಂದು ಗೋವೆಯ ಮಡಗಾಂವಕ್ಕೆ ಸೇರಿದ ಫಾತೋರ್ಡಾ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ಎಂಬ ಕಾಲ್ಚೆಂಡಿನ ಸಂಘಕ್ಕೂ, ಆಗ ಎ.ಟಿ.ಕೆ. ಮೋಹನ ಬಾಗಾನ್ ಎಂದು ಕರೆಯಿಸಿಕೊಳ್ಳುತ್ತಿದ್ದ ಕಲ್ಕತ್ತೆಯ ಸಂಘಕ್ಕೂ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯವು ನಡೆಯಿತು. ಬೆಳಗಾವಿಯಲ್ಲಿ ನನ್ನ ಬಳಿ ಹಿಂದೆ ಸಂಸ್ಕೃತವನ್ನು ಓದಿದ ತರುಣನೊಬ್ಬನು ತನ್ನ ಗೆಳೆಯರೊಡನೆ ಹೊರಟವನು, ಮೋಟಾರು ಗಾಡಿಯಲ್ಲಿ ಒಂದು ಜಾಗವು ಉಳಿದಿರುವುದಾಗಿ ಹೇಳಿ ನನ್ನನ್ನೂ ಕರೆದನು. ಐವತ್ತು ದಾಟಿದ ನಾನು, ಖಾನಾಪುರ ತಾಲೂಕಿನ ಹಲಸಿಯನ್ನು ದಾರಿಯಲ್ಲಿ ಮತ್ತೊಮ್ಮೆ ನೋಡಬಹುದೆಂಬ ಸ್ವಾರ್ಥದಿಂದ ಒಪ್ಪಿದೆನು. ಹುಡುಗರೆಲ್ಲರೂ ನೀಲಿಯ ಅಂಗಿಗಳನ್ನು ತೊಟ್ಟಿದ್ದರು. ನೀಲಾಂಬರನೆಂಬುದು ಬಲರಾಮನ ಹೆಸರು. ಆ ಅಂಗಿಗಳನ್ನು ಕಂಡೊಡನೆ ನನಗೆ ಮಹಾಭಾರತದ ಶಲ್ಯಪರ್ವವು ನೆನಪಾಯಿತು. ಈ ವಿಚಾರದ ಬೀಜವು ಅದೇ.

ಹೊರಡುವ ಮುನ್ನ ವಿದ್ವಾಂಸ ಮಿತ್ರರೊಬ್ಬರು ಇದನ್ನು ಕೇಳಿ ನಕ್ಕು, “ಇದು ಆಂಗ್ಲರು ಬಿಟ್ಟುಹೋದ ಹೊಸ ರೋಗ, ನಮ್ಮಲ್ಲಿ ಇದಕ್ಕೆ ಆಧಾರವಿಲ್ಲ” ಎಂದರು. ಕಾಲ್ಚೆಂಡಾಟವು ಪಾಶ್ಚಾತ್ಯರಿಂದ ಬಂದುದೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೂ ವೇದದಲ್ಲಿ ಮೂಲವನ್ನು ಹುಡುಕುವ ಉತ್ಸಾಹಿಗಳ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಆಟವು ಹೊಸದಾದ ಮಾತ್ರಕ್ಕೆ ಅದನ್ನು ನೋಡಲು ಹೋಗುವವನೂ ಹೊಸಬನಾಗಬೇಕೆಂಬ ನಿಯಮವಿಲ್ಲ. ಆದಕಾರಣ ಆಟವನ್ನು ಬದಿಗಿರಿಸಿ ನೋಟಕನನ್ನು ಮಾತ್ರ ವಿಚಾರಿಸೋಣ.

ಮೊದಲು ಒಂದು ತಪ್ಪು ಆಧಾರವನ್ನು ತೆಗೆದುಹಾಕಬೇಕಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ವಾಜಿವಾಹ್ಯಾಲಿವಿನೋದವೆಂಬ ಪ್ರಕರಣವುಂಟು. ಎಂಟೆಂಟು ಜನ ಸವಾರರ ಎರಡು ಪಕ್ಷಗಳು ಕುದುರೆಯ ಮೇಲೆ ಕುಳಿತು ಬಾಗಿದ ಕೋಲಿನಿಂದ ಚೆಂಡನ್ನು ಹೊಡೆದು ತೋರಣದ ಒಳಗೆ ದಾಟಿಸುವುದು ಆ ವಿನೋದದ ಸ್ವರೂಪ. ಎರಡು ಪಕ್ಷ, ಒಂದು ಚೆಂಡು, ತೋರಣವೆಂಬ ಗುರಿ ಇವನ್ನು ಕಂಡು ಇಂದಿನ ಆಟದ ಪೂರ್ವರೂಪವೇ ಸಿಕ್ಕಿತೆಂದು ಹಿಗ್ಗುವವರುಂಟು. ನಮ್ಮ ಪ್ರಶ್ನೆಗೆ ಇದು ನಿರುಪಯೋಗಿ. ಅಲ್ಲಿ ನೋಡುವುದಕ್ಕೆ ಕುಳಿತವರೆಲ್ಲರೂ ಅರಸನು ಕರೆಯಿಸಿದವರು. ರಾಜಕುಮಾರರು, ಅಂತಃಪುರದವರು, ಸಾಮಂತರು, ಸಚಿವರು. ಗಜವಾಹ್ಯಾಲಿಯ ಪ್ರಕರಣದಲ್ಲಿ ಅವರಿಗಾಗಿ ಆಲೋಕಮಂದಿರವನ್ನು ಕಟ್ಟಿಸುವ ಕ್ರಮವೂ ಹೇಳಲ್ಪಟ್ಟಿದೆ. ಆದರೆ ಎದುರು ಪಕ್ಷದ ಬೆನ್ನಿಗೆ ನಿಂತು ಕೂಗುವ ಒಬ್ಬ ಪ್ರೇಕ್ಷಕನೂ ಆ ವಿನೋದಗಳಲ್ಲಿ ಕಾಣಸಿಗುವುದಿಲ್ಲ. ರಾಜನ ಅಂಗಳದಲ್ಲಿ ಪರಪಕ್ಷವೆಂಬುದು ಆಟದ ಮಟ್ಟಿಗೆ ಮಾತ್ರ.

ನಿಜವಾದ ಪರರಂಗಯಾತ್ರಿಕರು ದೊರೆಯುವುದು ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ. ಕಥೆಯು ಎಲ್ಲರಿಗೂ ತಿಳಿದದ್ದಾದರೂ ಪ್ರೇಕ್ಷಕರ ಕಡೆಯಿಂದ ಅದನ್ನು ಓದಿದವರು ವಿರಳ. ಕಂಸನು ಧನುರ್ಯಾಗದ ನೆಪದಿಂದ ಮಥುರೆಯಲ್ಲಿ ಮಲ್ಲರಂಗವನ್ನು ಸಜ್ಜುಗೊಳಿಸಿ ರಾಮಕೃಷ್ಣರನ್ನು ಕರೆಯಿಸುತ್ತಾನೆ. ಹುಡುಗರಿಬ್ಬರೇ ಹೋಗುವುದಿಲ್ಲ, ನಂದಾದಿ ಗೋಪರು ಬಂಡಿಗಳನ್ನು ಹೂಡಿ, ಗೋರಸವನ್ನು ಕಾಣಿಕೆಯಾಗಿ ತುಂಬಿಕೊಂಡು ಹೊರಡುತ್ತಾರೆ. ಊರ ಹೊರಗಣ ಉಪವನದಲ್ಲಿ ಬಂಡಿಗಳನ್ನು ಬಿಟ್ಟು ರಾತ್ರಿಯನ್ನು ಕಳೆಯುತ್ತಾರೆ. ಮರುದಿನ ಅರಸನು ಕರೆದ ಮೇಲೆ ಕಾಣಿಕೆಯನ್ನೊಪ್ಪಿಸಿ ಎಲ್ಲರೂ ಒಂದೇ ಮಂಚದ ಮೇಲೆ ಕುಳಿತುಕೊಳ್ಳುತ್ತಾರೆ. ಪರಸ್ಥಳದವರಿಗೆ ಬೇರೆ ಕಟ್ಟೆ ಎಂಬ ಇಂದಿನ ವ್ಯವಸ್ಥೆಯು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮುಂದಿನದು ಇನ್ನೂ ಗಮನಾರ್ಹವಾಗಿದೆ. ಚಾಣೂರಮುಷ್ಟಿಕರಂಥ ಬೆಟ್ಟದೊಡಲಿನ ಮಲ್ಲರಿಗೆ ಎಳೆಯ ಹುಡುಗರನ್ನು ಜೋಡಿಮಾಡಿದುದನ್ನು ಕಂಡು ಇದು ಸಮಬಲರ ಕಾಳಗವಲ್ಲ, ಈ ಸಭೆಯಲ್ಲಿ ಅಧರ್ಮವು ನಡೆಯುತ್ತಿದೆ ಎಂದು ಮಾತನಾಡಿಕೊಳ್ಳುವವರು ಬಂದ ಗೋಪರಲ್ಲ, ಮಥುರೆಯ ಸ್ತ್ರೀಯರೇ. ರಂಗದ ನ್ಯಾಯಕ್ಕೆ ಸ್ವಸ್ಥಳದ ಪ್ರೇಕ್ಷಕರೇ ಸಾಕ್ಷಿಗಳಾಗುತ್ತಾರೆ. ಮಲ್ಲರು ಬಿದ್ದ ಮೇಲೆ ರಾಮಕೃಷ್ಣರು ತಮ್ಮ ಓರಗೆಯ ಗೋಪರನ್ನು ರಂಗದೊಳಕ್ಕೆ ಎಳೆದುಕೊಂಡು ಅವರೊಡನೆ ಕುಣಿದಾಡುತ್ತಾರೆ. ಆಗ ಸೋತ ಊರಿನ ಒಡೆಯನು ಕೊಡುವ ಆಜ್ಞೆಯೇನು? ಗೋಪರ ಧನವನ್ನು ಕಸಿದುಕೊಳ್ಳಿರಿ, ನಂದನನ್ನು ಕಟ್ಟಿರಿ ಎಂಬುದು. ಆಡಿದವರ ಮೇಲಿನ ಸಿಟ್ಟು ನೋಡಲು ಬಂದವರ ಮೇಲೂ ತಿರುಗುತ್ತದೆ. ಪರರಂಗಯಾತ್ರಿಕನ ಭಯವೂ ಮರ್ಯಾದೆಯೂ ಈ ನಾಲ್ಕಾರು ಶ್ಲೋಕಗಳಲ್ಲಿ ಅಡಗಿವೆ. ಅವನು ಕಾಣಿಕೆಯನ್ನು ಕೊಟ್ಟು ಒಳಗೆ ಬಂದ ಅತಿಥಿ. ಆದರೆ ಆ ಆತಿಥ್ಯವು ಪಂದ್ಯದ ಫಲವು ತಿಳಿಯುವವರೆಗೆ ಮಾತ್ರವೋ, ಅನಂತರವೂ ಉಳಿಯುವುದೋ ಎಂಬುದರಿಂದ ಆ ಊರಿನ ಯೋಗ್ಯತೆಯು ಗೊತ್ತಾಗುತ್ತದೆ.

ಇನ್ನು ಬಲರಾಮನ ಪ್ರಸಂಗ. ಕುರುಪಾಂಡವರ ಯುದ್ಧದಲ್ಲಿ ಯಾರ ಕಡೆಗೂ ಸೇರದೆ ತೀರ್ಥಯಾತ್ರೆಗೆ ಹೊರಟುಹೋಗಿದ್ದ ಅವನು ನಲವತ್ತೆರಡು ದಿನಗಳ ಮೇಲೆ, ತನ್ನ ಶಿಷ್ಯರಾದ ಭೀಮದುರ್ಯೋಧನರ ಗದಾಯುದ್ಧವನ್ನು ನೋಡುವುದಕ್ಕಾಗಿಯೇ ದಾರಿಯನ್ನು ತಿರುಗಿಸಿ ಬರುತ್ತಾನೆ. ಯುದ್ಧಕ್ಕೆ ಬರಲೊಲ್ಲದವನು ಪಂದ್ಯಕ್ಕೆ ಬಂದನು. ಇಬ್ಬರೂ ಶಿಷ್ಯರೇ ಆದರೂ ಅವನ ಒಲವು ಎತ್ತ ಎಂಬುದು ಎಲ್ಲರಿಗೂ ತಿಳಿದದ್ದೇ. ನೀಲವಸ್ತ್ರವನ್ನುಟ್ಟು ಅರಸರ ನಡುವೆ ಕುಳಿತ ಅವನು ಕಾಳಗವು ನಡೆಯುವವರೆಗೂ ಸುಮ್ಮನಿದ್ದು, ಭೀಮನು ತೊಡೆಗೆ ಹೊಡೆದೊಡನೆ ನಾಭಿಯಿಂದ ಕೆಳಗೆ ಹೊಡೆಯಕೂಡದೆಂಬ ನಿಯಮವನ್ನು ಎತ್ತಿ ಆರ್ಭಟಿಸಿ ನೇಗಿಲನ್ನೆತ್ತುತ್ತಾನೆ. ಕೃಷ್ಣನು ತೋಳುಗಳಿಂದ ಹಿಡಿದು ತಡೆಯಬೇಕಾಗುತ್ತದೆ. ಮುದುವೊಳಲ ಕಡೆಯವನಾದ ನಮ್ಮ ರನ್ನನು ಹತ್ತನೆಯ ಶತಮಾನದ ಕೊನೆಯಲ್ಲಿ ಇದೇ ಗದಾಯುದ್ಧವನ್ನು ಕಾವ್ಯವನ್ನಾಗಿ ಮಾಡಿದನೆಂಬುದನ್ನು ವಾಚಕರಿಗೆ ನೆನಪಿಸಬೇಕಾಗಿಲ್ಲ. ಅಭಿಮಾನವೂ ನಿಯಮಜ್ಞಾನವೂ ಒಂದೇ ಎದೆಯಲ್ಲಿ ಕೂಡಿದರೆ ಪ್ರೇಕ್ಷಕನು ಹೇಗಾಗುತ್ತಾನೆಂಬುದಕ್ಕೆ ಬಲರಾಮನಿಗಿಂತ ಉತ್ತಮವಾದ ಉದಾಹರಣೆಯು ನನಗೆ ತಿಳಿಯದು.

ಪುರಾಣೇತಿಹಾಸಗಳ ಮಾತು ಇಷ್ಟು ಸಾಕು. ಈಗ ನಮ್ಮ ದಾರಿಗೆ ಬರೋಣ. ಖಾನಾಪುರದಿಂದ ಅನತಿದೂರದಲ್ಲಿರುವ ಹಲಸಿಯು ಪ್ರಾಚೀನ ಕದಂಬರ ಪಲಾಶಿಕಾ. ಅಲ್ಲಿ ದೊರೆತು ಫ್ಲೀಟರಿಂದ ಪ್ರಕಟಿಸಲ್ಪಟ್ಟ ತಾಮ್ರಪಟಗಳಲ್ಲಿ ರವಿವರ್ಮನದೊಂದು ಶಾಸನವಿದೆ. ಪುರುಖೇಟಕವೆಂಬ ಗ್ರಾಮದ ಆದಾಯದಿಂದ ಪ್ರತಿ ವರ್ಷವೂ ಕಾರ್ತಿಕದ ಹುಣ್ಣಿಮೆಗೆ ಎಂಟು ದಿನಗಳ ಜಿನೇಂದ್ರಮಹಿಮೆಯನ್ನು ನಡೆಯಿಸಬೇಕೆಂದೂ, ಜಾನಪದರೂ ನಾಗರಿಕರೂ ಕೂಡಿ ಪೂಜೆಯನ್ನು ಮಾಡಬೇಕೆಂದೂ ಅದರಲ್ಲಿ ವಿಧಿಸಿದೆ. ಇದು ಪಂದ್ಯವಲ್ಲ, ಉತ್ಸವ. ಆದರೂ ಆರನೆಯ ಶತಮಾನದ ಆದಿಯಲ್ಲಿಯೇ ಹಳ್ಳಿಯ ಜನರು ಪಲಾಶಿಕೆಗೆ ಬಂದು ಪಟ್ಟಣದವರೊಡನೆ ನೆರೆಯುವುದು ರಾಜಶಾಸನದಿಂದ ಏರ್ಪಟ್ಟಿತ್ತೆಂಬುದೂ, ಅದರ ವೆಚ್ಚಕ್ಕೆ ಒಂದು ಗ್ರಾಮವನ್ನೇ ಬಿಟ್ಟಿದ್ದರೆಂಬುದೂ ಇದರಿಂದ ವ್ಯಕ್ತವಾಗುತ್ತದೆ.

ಐದಾರು ಶತಮಾನಗಳ ತರುವಾಯ ಗೋವೆಯ ಕದಂಬರು ಪಲಸಿಗೆ ಹನ್ನೆರಡು ಸಾಸಿರವನ್ನೂ ಕೊಂಕಣ ಒಂಬಯ್ನೂರನ್ನೂ ಒಟ್ಟಿಗೆ ಆಳಿದರು. ಘಟ್ಟದ ಮೇಲೆ ಹಲಸಿ, ಘಟ್ಟದ ಕೆಳಗೆ ಗೋಪಕಪಟ್ಟಣ. ಎರಡೂ ಒಬ್ಬನೇ ಅರಸನವು. ಈ ವಂಶದ ಎರಡನೆಯ ಜಯಕೇಶಿಯು ಆರನೆಯ ವಿಕ್ರಮಾದಿತ್ಯನ ಮಗಳಾದ ಮೈಲಳದೇವಿಯನ್ನು ವಿವಾಹವಾಗಿದ್ದನು. ಅಂದರೆ ಮಾನಸೋಲ್ಲಾಸದ ಕರ್ತನು ಈ ಘಟ್ಟದ ದಾರಿಯ ಒಡೆಯನಿಗೆ ಭಾವಮೈದುನನಾಗುತ್ತಾನೆ. ಹಲಸಿಯ ನರಸಿಂಹ ದೇವಾಲಯದಲ್ಲಿ ಶಿವಚಿತ್ತ ಪೆರ್ಮಾಡಿಯ ಕಾಲದ, ಕಲಿವರ್ಷವನ್ನು ಹೇಳುವ ಶಾಸನವು 1169ಕ್ಕೆ ಸರಿಹೊಂದುತ್ತದೆ. ಅನಮೋಡ ಘಟ್ಟವನ್ನಿಳಿದು ಮೊಲೆಂ ಎಂಬಲ್ಲಿ ಒಳಕ್ಕೆ ತಿರುಗಿದರೆ ತಾಂಬಡಿ ಸುರ್ಲಾದ ಮಹಾದೇವ ದೇವಾಲಯವು ಕಾಡಿನ ನಡುವೆ ಕಪ್ಪುಕಲ್ಲಿನಲ್ಲಿ ನಿಂತಿದೆ. ಹಲಸಿಯಿಂದ ಗೋವೆಗೆ ಹೋಗುವವನು ಆ ಕಾಲದಲ್ಲಿ ಪರದೇಶಕ್ಕೆ ಹೋಗುತ್ತಿರಲಿಲ್ಲ. ಅವನಿಗೆ ಪರರಂಗವೇ ಇರಲಿಲ್ಲವೆಂದು ಹೇಳಬಹುದು.

ಪರರಂಗವಾದದ್ದು 1510ರ ಮೇಲೆ. ಪೋರ್ತುಗೀಜರು ಗೋವೆಯನ್ನು ಹಿಡಿದ ಮೇಲೆ ಒಂದೇ ದಾರಿಗೆ ಇಬ್ಬರು ಒಡೆಯರಾದರು. 1818ರಲ್ಲಿ ಬೆಳಗಾವಿಯ ಕೋಟೆಯು ಆಂಗ್ಲರ ವಶವಾಗಿ, ದಂಡಿನ ನೆಲೆಯು ಬೆಳೆಯಿತು. 1856ರಲ್ಲಿ ಕ್ಯಾಂಪಿನಲ್ಲಿ ಸಂತ ಪಾಲರ ಶಾಲೆಯು ಸ್ಥಾಪಿತವಾಯಿತು. ಇಂಗ್ಲಿಷ್ ವಿದ್ಯೆಯನ್ನು ಬಯಸಿದ ಗೋವೆಯ ಮನೆತನಗಳು ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಿದ್ದವು. ಗೋವೆಯಲ್ಲಿ ಕಾಲ್ಚೆಂಡನ್ನು ಮೊದಲು ಆಡಿಸಿದವರು 1883ರಲ್ಲಿ ಶಿವೋಲಿಯಲ್ಲಿದ್ದ ಪಾದ್ರಿ ವಿಲಿಯಂ ರಾಬರ್ಟ್ ಲಾಯನ್ಸರೆಂದು ಆ ಆಟದ ಚರಿತ್ರಕಾರರು ಬರೆಯುತ್ತಾರೆ. ಪೋರ್ತುಗೀಜರ ನೆಲಕ್ಕೆ ಆಂಗ್ಲರ ಆಟವು ಆಂಗ್ಲಭಾಷೆಯ ಪಾದ್ರಿಯ ಕೈಯಿಂದ ಬಂದದ್ದು ವಿಚಿತ್ರವೇ. ಅದೇ ದಶಕದಲ್ಲಿ ಮುರ್ಗಾಂವ ಬಂದರಿನಿಂದ ಕ್ಯಾಸಲ್‌ರಾಕಿನ ಮೂಲಕ ಲೋಂಡಾಕ್ಕೆ ಉಗಿಬಂಡಿಯ ಹಳಿಯು ಕೂಡಿಕೊಂಡಿತು. ಖಾನಾಪುರ ತಾಲೂಕಿನ ಲೋಂಡಾ ಎಂಬ ಸಣ್ಣ ಊರು ಬೆಳಗಾವಿ, ಧಾರವಾಡ, ಗೋವೆಗಳ ದಾರಿಗಳು ಕೂಡುವ ಜಂಕ್ಷನ್ನಾಯಿತು.

ಈ ಹಳಿಯ ಮೇಲೆ ಅಕ್ಕಿ, ಉಪ್ಪು, ಅದಿರುಗಳೊಡನೆ ಆಟವನ್ನು ನೋಡುವವರೂ ಹೋಗಿಬರಬಹುದಾಗಿತ್ತು. ಆದರೆ 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ತರುವಾಯ ಗಡಿಯು ಮುಚ್ಚಿತು, ರೈಲು ನಿಂತಿತು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಗೆ ಭಾರತದ ಸೈನ್ಯವು ನೆರೆದದ್ದು ಬೆಳಗಾವಿಯ ಸುತ್ತಣ ಪ್ರದೇಶದಲ್ಲಿಯೇ. ಆರು ವರ್ಷಗಳ ಕಾಲ ಘಟ್ಟದ ಮೇಲಿನವನು ಘಟ್ಟದ ಕೆಳಗಿನ ಆಟವನ್ನು ನೋಡಲಾರದೆ ಹೋದನು. ಮತ್ತೆ ಆ ದಾರಿಯಲ್ಲಿ ಮೊದಲು ನಡೆದದ್ದು ದಂಡು. ಅದರ ಹಿಂದೆ ಮದುವೆಯ ದಿಬ್ಬಣಗಳೂ, ಮೀನಿನ ಲಾರಿಗಳೂ, ಆಟಗಾರರೂ, ಕಡೆಯಲ್ಲಿ ನೋಟಕರೂ. ಸೇನೆಗಳ ದಿನಾಂಕಗಳನ್ನು ನಾವು ಜೋಪಾನವಾಗಿ ಕಾಪಾಡಿದ್ದೇವೆ. ದಾರಿಯು ನಿಜವಾಗಿ ತೆರೆಯಿತೆಂಬುದಕ್ಕೆ ನೋಟಕನ ಪ್ರಯಾಣವೇ ಸರಿಯಾದ ಪ್ರಮಾಣವೆಂದು ನನ್ನ ಅಭಿಪ್ರಾಯ. ಏಕೆಂದರೆ ಸೈನಿಕನು ಆಜ್ಞೆಯಿಂದಲೂ, ವರ್ತಕನು ಲಾಭದಿಂದಲೂ ಮುಚ್ಚಿದ ಗಡಿಯನ್ನು ಹೇಗಾದರೂ ದಾಟಿಯಾನು. ಬರಿಯ ಸಂತೋಷಕ್ಕಾಗಿ ಹೋಗುವವನು ಭಯವು ಹೋದ ಮೇಲಲ್ಲದೆ ಮನೆಯಿಂದ ಹೊರಡುವುದಿಲ್ಲ.

ಬೆಳಗಾವಿಯ ಬಹುಜನರಿಗೆ ಪರರಂಗಯಾತ್ರೆಯನ್ನು ಕಲಿಸಿದ್ದು ಕಾಲ್ಚೆಂಡಲ್ಲ, ಕುಸ್ತಿ. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿ 1912ರಲ್ಲಿ ಪೂರ್ಣವಾದ ಖಾಸಬಾಗ ಮೈದಾನವು ನಮ್ಮ ಕಡೆಯ ಕುಸ್ತಿಪ್ರಿಯರಿಗೆ ಕಾಶಿಯಂತಿದ್ದಿತು. ನಾನು ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ, ಸುಮಾರು 1984ರಲ್ಲಿ, ಸೋದರಮಾವನು ಗುರುಗಳಿಗೆ ತಿಳಿಯದಂತೆ ನನ್ನನ್ನು ಲಾರಿಯಲ್ಲಿ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ದಿದ್ದನು. “ನಾವು ಮಂದಿ ಊರಾಗ ಅದೇವಿ, ಬಾಯಿ ಮುಚ್ಚಿಕೊಂಡು ನೋಡು” ಎಂದು ಎಚ್ಚರಿಸಿದ್ದನು. ನಮ್ಮ ಕಡೆಯ ಪೈಲವಾನನು ಎದುರಾಳಿಯನ್ನು ಚಿತ್ ಮಾಡಿದಾಗ ನಾನು ಎಚ್ಚರವನ್ನು ಮರೆತು ಕಿರುಚಿದೆನು. ಸುತ್ತಲಿನವರು ತಿರುಗಿ ನೋಡಿದರು. ಮಾವನ ಮುಖವು ಬಾಡಿತು. ಮುಂದೆ ಕುಳಿತಿದ್ದ ಮುದುಕನೊಬ್ಬನು ಮಾತ್ರ ನಕ್ಕು, ಕೈಯಲ್ಲಿದ್ದ ಶೇಂಗಾದ ಪೊಟ್ಟಣವನ್ನು ನನಗೆ ಕೊಟ್ಟು, ಗೆದ್ದ ಪೈಲವಾನನು ಸುತ್ತುಬಂದಾಗ ಅವನ ಕೈಗೂ ತನ್ನ ಜೇಬಿನ ನೋಟನ್ನಿಟ್ಟನು. ಗೆದ್ದವನು ಯಾವ ಊರವನಾದರೂ ನೋಟಕರು ಇನಾಮು ಕೊಡುವ ಆ ಪದ್ಧತಿಯು ಮಟ್ಟಿಯ ಮೈದಾನಗಳಲ್ಲಿ ಇನ್ನೂ ಉಳಿದಿದೆ. ಮಾರನೆಯ ದಿನ ಪಾಠಶಾಲೆಯಲ್ಲಿ ನನಗೆ ದೊರೆತ ಇನಾಮಿನ ವಿಷಯವು ಇಲ್ಲಿ ಅಪ್ರಸ್ತುತ.

ಕನ್ನಡ ನಾಡಿನ ಕಾಲ್ಚೆಂಡಿನ ಸಂಘವೊಂದು ದೊಡ್ಡ ಬಿರುದನ್ನು ಗೋವೆಯ ನೆಲದಲ್ಲಿಯೇ ಗಳಿಸಿದ ಸಂಗತಿಯನ್ನು ಇಲ್ಲಿ ಹೇಳತಕ್ಕದ್ದು. 2013ರ ಜುಲೈಯಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ.ಯು ತನ್ನ ಮೊದಲನೆಯ ವರ್ಷದಲ್ಲಿಯೇ, 2014ರ ಏಪ್ರಿಲ್ 21ರಂದು ಇದೇ ಫಾತೋರ್ಡಾದಲ್ಲಿ ಗೋವೆಯ ಡೆಂಪೋ ಸಂಘವನ್ನು 4–2ರಿಂದ ಸೋಲಿಸಿ ಐ-ಲೀಗಿನ ಪ್ರಶಸ್ತಿಯನ್ನು ಪಡೆಯಿತು. ಆ ಸಂಘದ ಬೆಂಬಲಿಗರು ತಮ್ಮ ಕ್ರೀಡಾಂಗಣದ ಪಶ್ಚಿಮದ ಕಟ್ಟೆಯಿಂದ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಹೆಸರನ್ನು ತೆಗೆದುಕೊಂಡವರು. ಊರೂರಿಗೆ ಹೋಗುವುದನ್ನೇ ವ್ರತವನ್ನಾಗಿ ಮಾಡಿಕೊಂಡವರು.

ಆದರೆ ನಮ್ಮ ಗಾಡಿಯಲ್ಲಿದ್ದವರು ಬೆಂಗಳೂರಿನವರಲ್ಲ. ಖಾನಾಪುರದಲ್ಲಿ ಹತ್ತಿಕೊಂಡ ಹುಡುಗನ ಮನೆಮಾತು ಮರಾಠಿ. ಸುನೀಲ ಛೇತ್ರಿಯ ಮೇಲಣ ಪ್ರೀತಿಯಿಂದ ಅವನು ಬೆಂಗಳೂರಿನ ಪಕ್ಷದವನು. ಬೆಳಗಾವಿಯ ಅಚ್ಚಗನ್ನಡದ ಇನ್ನೊಬ್ಬನು, ತಾಯಿಯ ತವರು ಗೋವೆಯಾದುದರಿಂದ, ಉಳಿದ ದಿನಗಳಲ್ಲಿ ಎಫ್.ಸಿ. ಗೋವಾದವನು, ಅಂದು ಮಾತ್ರ ಎರವಲು ಅಂಗಿಯಲ್ಲಿ ನೀಲಿಯವನು. ಭಾಷೆಯ ಗೆರೆಯಿಂದ ಪಕ್ಷದ ಗೆರೆಯನ್ನು ಎಳೆಯಬಹುದೆಂದು ನಂಬಿದ್ದ ನನಗೆ ಇದು ಪಾಠವಾಯಿತು. ಸೀಮಾವಾದದ ಕಾವಿನಲ್ಲಿ 2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಬಸ್ಸುಗಳು ಬೆಳಗಾವಿಗೆ ಬರುವುದೇ ನಿಂತಿತ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಈ ಹುಡುಗರು ಒಂದೇ ಬುತ್ತಿಯನ್ನು ಬಿಚ್ಚಿ ಉಣ್ಣುತ್ತಿದ್ದರು. ಇದು ಪರರಂಗವಷ್ಟೇ ಎಂದು ನಾನು ಕೇಳಿದ್ದಕ್ಕೆ ನನ್ನ ಶಿಷ್ಯನು, “ಗುರುಗಳ, ನಮಗ ಬೆಂಗಳೂರ ದೂರ ಆತ್ರಿ, ಮಡಗಾಂವನ ಹತ್ರ” ಎಂದನು. ಮಾತು ನಿಜ. ಬೆಂಗಳೂರಿಗೆ ಐನೂರು ಕಿಲೋಮೀಟರು. ಮಡಗಾಂವಕ್ಕೆ ಅದರ ಮೂರನೆಯ ಒಂದಂಶವೂ ಇಲ್ಲ. ಬೆಳಗಾವಿಯವನಿಗೆ ತನ್ನ ಪಕ್ಷದ ಸ್ವರಂಗಕ್ಕಿಂತ ಪರರಂಗವೇ ಸಮೀಪ. ಗೋವೆಯ ಕದಂಬರ ರಾಜ್ಯದ ನಕ್ಷೆಯು ಆ ಹುಡುಗನಿಗೆ ತಿಳಿಯದಿದ್ದರೂ ಅವನ ಕಾಲುಗಳಿಗೆ ತಿಳಿದಿದ್ದಿತು.

ಹಲಸಿಯಲ್ಲಿ ಅರ್ಧ ಗಂಟೆಯನ್ನು ಬೇಡಿ ಪಡೆದು ನರಸಿಂಹನನ್ನು ಕಂಡು, ಅನಮೋಡ ಘಟ್ಟವನ್ನಿಳಿದು ಸಂಜೆಗೆ ಫಾತೋರ್ಡಾವನ್ನು ಸೇರಿದೆವು. ಅಂದು ಆಡಿದ ಎರಡು ಪಕ್ಷಗಳೂ ಅಲ್ಲಿ ಪರಸ್ಥಳದವೇ. ಒಂದು ಕಡೆ ನೀಲಿ, ಇನ್ನೊಂದು ಕಡೆ ಹಸುರು ಮತ್ತು ಕಂದುಗೆಂಪು. ನಡುವೆ ಗೋವೆಯವರು ಮಥುರೆಯ ಸ್ತ್ರೀಯರಂತೆ ನ್ಯಾಯವನ್ನು ತೂಗುತ್ತ ಕುಳಿತಿದ್ದರು. ನನ್ನ ಪಕ್ಕದ ಗೋವೆಯ ಹಿರಿಯರೊಬ್ಬರು ನನ್ನ ಪಂಚೆಯನ್ನೂ ಹುಡುಗರು ಹೊದಿಸಿದ್ದ ನೀಲಿ ಶಾಲನ್ನೂ ನೋಡಿ ಸರಿದು ಜಾಗಮಾಡಿಕೊಟ್ಟು, ಆಟದ ನಿಯಮಗಳನ್ನು ಕೊಂಕಣಿಯಲ್ಲಿ ತಿಳಿಸುತ್ತ ಹೋದರು. ಕಲ್ಕತ್ತೆಯ ಪೆಟ್ರಾಟೋಸನು ಮೊದಲು ಪೆನಾಲ್ಟಿಯಿಂದ ಗೋಲನ್ನು ಹೊಡೆದನು. ಮಧ್ಯಂತರದ ಮುನ್ನ ಛೇತ್ರಿಯೂ ಪೆನಾಲ್ಟಿಯಿಂದಲೇ ಅದನ್ನು ಸರಿಗಟ್ಟಿದನು. 78ನೆಯ ನಿಮಿಷದಲ್ಲಿ ರಾಯ್ ಕೃಷ್ಣನು ತಲೆಯಿಂದ ಹೊಡೆದ ಚೆಂಡು ಒಳಹೊಕ್ಕಾಗ ನಾನು ಎದ್ದು ನಿಂತು ಏನು ಕೂಗಿದೆನೆಂಬುದು ನನಗೆ ನೆನಪಿಲ್ಲ. ಹುಡುಗರು ಈಗಲೂ ಅದನ್ನು ಅನುಕರಿಸಿ ತೋರಿಸುತ್ತಾರೆ. 85ನೆಯ ನಿಮಿಷದಲ್ಲಿ ಮತ್ತೊಂದು ಪೆನಾಲ್ಟಿ. ಎಡವಿಸಿದ್ದು ಹುಡುಗರು ಬಾಕ್ಸ್ ಎನ್ನುವ ಗೋಲಿನ ಮುಂದಣ ಆಯತದ ಒಳಗೋ ಹೊರಗೋ ಎಂಬುದು ವಿವಾದಾಸ್ಪದವಾಯಿತು. ಪೆಟ್ರಾಟೋಸನೇ ಮತ್ತೆ ಹೊಡೆದನು, 2–2. ಹೆಚ್ಚಿನ ವೇಳೆಯಲ್ಲಿಯೂ ಇತ್ಯರ್ಥವಾಗದೆ ಕಡೆಗೆ ಪೆನಾಲ್ಟಿಗಳ ಸರದಿಯಲ್ಲಿ 4–3ರಿಂದ ನಮ್ಮವರು ಸೋತರು.

ಹಿಂದಿರುಗುವಾಗ ಚೋರ್ಲಾ ಘಟ್ಟದ ದಾರಿಯನ್ನು ಹಿಡಿದೆವು. ಮಲಪ್ರಭೆಯು ಹುಟ್ಟುವ ಕಣಕುಂಬಿಯನ್ನು ತಲುಪಿದಾಗ ರಾತ್ರಿಯು ಬಹಳ ಕಳೆದಿತ್ತು. ಅಲ್ಲಿಯೇ ಕಳಸಾ ಹಳ್ಳವಿದೆ. ಮಹದಾಯಿಯ ನೀರಿಗಾಗಿ ಎರಡು ರಾಜ್ಯಗಳು ವಾದಿಸುತ್ತಿರುವುದೂ, 2018ರಲ್ಲಿ ನ್ಯಾಯಾಧಿಕರಣವು ತೀರ್ಪನ್ನು ಕೊಟ್ಟ ಮೇಲೆಯೂ ಅದು ಮುಗಿಯದಿರುವುದೂ ಸರ್ವರಿಗೂ ವಿದಿತ. ನಾಕೆಯಲ್ಲಿ ಗಾಡಿಯನ್ನು ನಿಲ್ಲಿಸಿದ ಪೊಲೀಸನು ಒಳಗೆ ಬೆಳಕನ್ನು ಬಿಟ್ಟು, ನೀಲಿಯ ಅಂಗಿಗಳನ್ನು ಕಂಡು, “ಏನಾತು?” ಎಂದು ಮಾತ್ರ ಕೇಳಿದನು. ಸೋತೆವೆಂದು ಕೇಳಿ ದೀಪವನ್ನು ಆರಿಸಿ ಹೋಗಗೊಟ್ಟನು.

ಜಾಂಬೋಟಿಯವರೆಗೂ ಹುಡುಗರ ವಾದವು ನಿಲ್ಲಲಿಲ್ಲ. ಗೆರೆಯ ಹೊರಗೇ ಎಂದು ಖಾನಾಪುರದವನು. ಒಳಗಿದ್ದರೂ ಇದ್ದೀತೆಂದು ಎರವಲು ಅಂಗಿಯವನು. ನಾಭಿಯ ಕೆಳಗೋ ಮೇಲೋ ಎಂಬ ಹಳೆಯ ವಾದವನ್ನು ನಾನು ಹೇಳಿದೆನು. ಹಾಗಾದರೆ ಬಲರಾಮನು ಕಡೆಗೆ ಒಪ್ಪಿದನೇ ಎಂದು ಖಾನಾಪುರದವನು ಕೇಳಿದನು. ಕೃಷ್ಣನು ಎಷ್ಟು ಸಮಾಧಾನ ಹೇಳಿದರೂ ಒಪ್ಪದೆ, ರಥವನ್ನೇರಿ ದ್ವಾರಕೆಗೆ ಹೊರಟುಹೋದನೆಂದೆನು. ಜಾಂಬೋಟಿಯ ಕವಲುದಾರಿಯಲ್ಲಿ ಅವನ ಅಣ್ಣನು ಬೈಕಿನೊಡನೆ ಕಾದಿದ್ದನು. ಹುಡುಗನು ಇಳಿದು, ನನ್ನ ಹೆಗಲ ಮೇಲಿದ್ದ ಶಾಲನ್ನು ಮರೆಯದೆ ತೆಗೆದುಕೊಂಡು ಖಾನಾಪುರದ ಕಡೆಗೆ ಹೋದನು.